ಕೂಡಿಟ್ಟ ಪಾಯಿಂಟು ಯಾರದ್ದು?

ಕ್ರೆಡಿಟ್ ಕಾರ್ಡಿನ ಸವಲತ್ತುಗಳಿಗೆ ಬ್ಯಾಂಕು ಕತ್ತರಿ ಹಾಕಿದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಕಾರ್ಡು ಇಟ್ಟುಕೊಂಡವರು ನಮಗೆ ಮೋಸವಾಯಿತು ಎನ್ನುತ್ತಾರೆ. ಕಾರ್ಡಿನ ಸಹವಾಸವೇ ಬೇಡವೆಂದು ದೂರ ಉಳಿದವರು, ಪುಕ್ಕಟೆ ಸಿಗುತ್ತಿದ್ದದ್ದು ನಿಂತರೆ ಇಷ್ಟೊಂದು ಗೋಳಾಡುವುದೇಕೆ ಎಂದು ಕೇಳುತ್ತಾರೆ. 2023ರಿಂದೀಚೆಗೆ ನಮ್ಮ ದೇಶದಲ್ಲಿ ಈ ಜಗಳ ಮುಗಿದದ್ದೇ ಇಲ್ಲ. ಒಂದು ಬ್ಯಾಂಕು ವಿಮಾನ ನಿಲ್ದಾಣದ ಲೌಂಜಿಗೆ ಷರತ್ತು ಹಾಕಿದರೆ ಇನ್ನೊಂದು ಮನೆ ಬಾಡಿಗೆ ಕಟ್ಟಿದ್ದಕ್ಕೆ ಪಾಯಿಂಟು ಕೊಡುವುದನ್ನು ನಿಲ್ಲಿಸುತ್ತದೆ, ಮತ್ತೊಂದು ಕರೆಂಟು ಬಿಲ್ಲು ದೊಡ್ಡದಾದರೆ ಅದರ ಮೇಲೆ ಶುಲ್ಕ ಹೇರುತ್ತದೆ. ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿದೆ. ಹಾಗಾಗಿ ಇದನ್ನು ನಾಲ್ಕು ಜನ ಉಳ್ಳವರ ಗೊಣಗಾಟವೆಂದು ತಳ್ಳಿಹಾಕುವ ಹಾಗಿಲ್ಲ. ನನ್ನ ಮಟ್ಟಿಗೆ ಗ್ರಾಹಕರ ಸಿಟ್ಟಿನಲ್ಲಿ ನ್ಯಾಯವಿದೆ, ಆದರೆ ಆ ಸಿಟ್ಟು ಬಹಳ ಸಲ ತಪ್ಪು ಜಾಗದ ಮೇಲೆ ಎರಗುತ್ತದೆ. ನಾಳೆಯಿಂದ ಏನು ಕೊಡಬೇಕು, ಏನನ್ನು ನಿಲ್ಲಿಸಬೇಕು ಎನ್ನುವುದು ಬ್ಯಾಂಕಿಗೆ ಬಿಟ್ಟದ್ದು. ನಿನ್ನೆಯವರೆಗೆ ಕೊಟ್ಟು, ಗ್ರಾಹಕನ ಹೆಸರಿನಲ್ಲಿ ಆಗಲೇ ಜಮಾ ಆಗಿರುವ ಪಾಯಿಂಟಿನ ಬೆಲೆಯನ್ನು ಇಳಿಸುವುದು ಬೇರೆಯೇ ವಿಷಯ. ಮೊದಲನೆಯದು ವ್ಯಾಪಾರ. ಎರಡನೆಯದನ್ನು ವ್ಯಾಪಾರವೆಂದು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ಈ ವ್ಯತ್ಯಾಸ ಕಣ್ಣಿಗೆ ಕಟ್ಟುವಂತೆ ಕಾಣಬೇಕಾದರೆ ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. 2023ರ ಆಗಸ್ಟ್ ಕೊನೆಯವರೆಗೆ ಆ ಕಾರ್ಡಿನಲ್ಲಿ ಪ್ರತಿ 200 ರೂಪಾಯಿ ಖರ್ಚಿಗೆ 12 ಪಾಯಿಂಟು ಸಿಗುತ್ತಿತ್ತು. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡಿದರೆ 6,000 ಪಾಯಿಂಟು. ಒಂದು ಲಕ್ಷದ ಗಡಿ ಮುಟ್ಟಿದ್ದಕ್ಕೆ ಇನ್ನೂ 25,000 ಬಹುಮಾನ. ಒಟ್ಟು 31,000. ಐದು ಪಾಯಿಂಟು ಕೊಟ್ಟರೆ, ಟಿಕೆಟ್ ಪಡೆಯಲು ಬಳಸುವ ವಿಮಾನ ಕಂಪನಿಯ ನಾಲ್ಕು ಮೈಲ್ಸ್ ಬರುತ್ತಿದ್ದವು, ಅಂದರೆ ಒಂದು ಲಕ್ಷದ ಖರ್ಚಿಗೆ 24,800 ಮೈಲ್ಸ್. ಸೆಪ್ಟೆಂಬರ್ 1ರಿಂದ ತಿಂಗಳ ಬಹುಮಾನ ನಿಂತಿತು, ಐದಕ್ಕೆ ನಾಲ್ಕು ಇದ್ದದ್ದು ಐದಕ್ಕೆ ಎರಡಾಯಿತು. ಅದೇ ಒಂದು ಲಕ್ಷಕ್ಕೆ ಆಗ ಸಿಕ್ಕಿದ್ದು 2,400 ಮೈಲ್ಸ್. ಹತ್ತರಲ್ಲಿ ಒಂಬತ್ತು ಪಾಲು ಒಂದೇ ಏಟಿಗೆ ಹೋಯಿತು. ಅದೇ ದಿನದಿಂದ ವಾರ್ಷಿಕ ಶುಲ್ಕ 10,000 ರೂಪಾಯಿಯಿಂದ 12,500ಕ್ಕೆ ಏರಿತು, ಜಿಎಸ್‌ಟಿ ಬೇರೆ. ಈ ಸುದ್ದಿ ಬಂದಾಗ ಎದ್ದ ಕೂಗಿನಲ್ಲಿ ಹೆಚ್ಚು ಕೇಳಿದ್ದು ಆ 25,000ದ ಮಾತು. ನನಗೆ ಆ ಬಗ್ಗೆ ತಕರಾರಿಲ್ಲ. ಅಷ್ಟು ದೊಡ್ಡ ಬಹುಮಾನ ಬಹಳ ದಿನ ನಡೆಯುವಂಥದ್ದಲ್ಲ ಎಂದು ಲೆಕ್ಕ ಬಲ್ಲ ಯಾರಿಗಾದರೂ ಹೊಳೆಯುತ್ತಿತ್ತು. ಸೆಪ್ಟೆಂಬರಿನ ಖರ್ಚಿಗೆ ಅದು ಇಲ್ಲವೆಂದ ಮೇಲೆ ಸೆಪ್ಟೆಂಬರಿನಲ್ಲಿ ಬೇರೆ ಕಾರ್ಡು ಉಜ್ಜಬಹುದು. ಆದರೆ ಜುಲೈವರೆಗೆ ಖರ್ಚು ಮಾಡಿ ಒಂದು ಲಕ್ಷ ಪಾಯಿಂಟು ಕೂಡಿಟ್ಟವರ ಗತಿ ನೋಡಿ. ಆಗಸ್ಟ್ 31ರ ರಾತ್ರಿ 80,000 ಮೈಲ್ಸ್ ಆಗುತ್ತಿದ್ದದ್ದು ಮರುದಿನ ಬೆಳಿಗ್ಗೆ 40,000. ಅವರು ಮಾಡಬೇಕಾದ ಖರ್ಚನ್ನೆಲ್ಲ ಆಗಲೇ ಮಾಡಿ ಆಗಿತ್ತು. ಬ್ಯಾಂಕಿಗೆ ಸಿಗಬೇಕಾದ ಆದಾಯ ಬ್ಯಾಂಕಿಗೆ ಸಿಕ್ಕಿ ಆಗಿತ್ತು. ಉಳಿದದ್ದು ಬ್ಯಾಂಕು ತನ್ನ ಮಾತು ನಡೆಸಿಕೊಡುವುದೊಂದೇ.

ಆ ಆಗಸ್ಟ್ ತಿಂಗಳಲ್ಲಿ ಜನ ಏನು ಮಾಡಿದರು ಎನ್ನುವುದು ಇನ್ನೂ ಯೋಚಿಸಬೇಕಾದ ಸಂಗತಿ. ಎಲ್ಲಿಗೂ ಹೋಗುವ ಯೋಜನೆ ಇಲ್ಲದವರೂ ಪಾಯಿಂಟುಗಳನ್ನೆಲ್ಲ ಬಾಚಿ ಯಾವುದಾದರೊಂದು ವಿಮಾನ ಕಂಪನಿಯ ಖಾತೆಗೆ ಸಾಗಿಸಿದರು. ಒಮ್ಮೆ ಸಾಗಿಸಿದ ಮೈಲ್ಸ್ ಹಿಂದಕ್ಕೆ ಬರುವುದಿಲ್ಲ. ಅವುಗಳಿಗೆ ಅವುಗಳದ್ದೇ ಆಯಸ್ಸು. ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲ್ಸ್ ಮೂರು ವರ್ಷಕ್ಕೆ ಮುಗಿದುಹೋಗುತ್ತವೆ. ಟಿಕೆಟ್ಟಿಗೆ ಎಷ್ಟು ಮೈಲ್ಸ್ ಬೇಕೆನ್ನುವುದನ್ನು ವಿಮಾನ ಕಂಪನಿಯೂ ಮನಸ್ಸು ಬಂದಾಗ ಏರಿಸಬಹುದು. ಹೀಗೆ ಅರ್ಧ ಕಳೆದುಕೊಳ್ಳುವ ಭಯಕ್ಕೆ ಜನ ಇಡಿಯಾಗಿ ಕಳೆದುಕೊಳ್ಳುವ ಅಪಾಯಕ್ಕೆ ಒಡ್ಡಿಕೊಂಡರು. ಇದನ್ನು ದುರಾಸೆ ಎನ್ನುವುದು ಸುಲಭ. ಅದು ದುರಾಸೆಯಲ್ಲ, ಕೈಯಲ್ಲಿದ್ದದ್ದನ್ನು ಉಳಿಸಿಕೊಳ್ಳುವ ಪರದಾಟ. ಪರದಾಡಲೂ ಆಗದೆ ಉಳಿದವರು ಸುದ್ದಿಯೇ ಗೊತ್ತಾಗದವರು. ಬ್ಯಾಂಕಿನ ಮೇಲ್ ನೂರಾರು ಜಾಹೀರಾತು ಮೇಲ್‌ಗಳ ನಡುವೆ ಕಳೆದುಹೋಗಿ, ತಿಂಗಳುಗಳ ನಂತರ ಪಾಯಿಂಟು ಬಳಸಲು ಹೋದಾಗ ತಿಳಿದುಕೊಂಡವರು. ಬೆಲೆ ಇಳಿಕೆಯ ಪೂರ್ತಿ ಪೆಟ್ಟು ಬಿದ್ದದ್ದು ಅವರ ಮೇಲೆ. ಅವರ ದೂರು ಎಲ್ಲಿಯೂ ಕೇಳಲೇ ಇಲ್ಲ.

ಪಾಯಿಂಟು ಎಂದರೆ ದುಡ್ಡಲ್ಲ, ಅದು ಬ್ಯಾಂಕು ಖುಷಿಯಿಂದ ಕೊಟ್ಟ ಕೊಡುಗೆ ಎನ್ನುವ ವಾದವಿದೆ. ಈ ವಾದಕ್ಕೆ ಉತ್ತರ ಬ್ಯಾಂಕುಗಳ ವಾರ್ಷಿಕ ವರದಿಯಲ್ಲೇ ಇದೆ. ದೊಡ್ಡ ಕಾರ್ಡು ವ್ಯವಹಾರವಿರುವ ಬ್ಯಾಂಕುಗಳ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ, ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳ ರಿವಾರ್ಡ್ ಪಾಯಿಂಟುಗಳಿಗೆಂದು ತೆಗೆದಿಟ್ಟ ಮೊತ್ತದ ಪಟ್ಟಿ ಇರುತ್ತದೆ. ವರ್ಷದ ಆರಂಭದಲ್ಲಿ ಇದ್ದದ್ದೆಷ್ಟು, ವರ್ಷದಲ್ಲಿ ಸೇರಿದ್ದೆಷ್ಟು, ಗ್ರಾಹಕರು ಬಳಸಿದ್ದರಿಂದ ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂದು ರೂಪಾಯಿ ಲೆಕ್ಕದಲ್ಲಿ ಬರೆದಿರುತ್ತಾರೆ. ಜನ ಎಷ್ಟು ಪಾಯಿಂಟು ಬಳಸಿಯಾರು, ಒಂದೊಂದಕ್ಕೆ ಎಷ್ಟು ಖರ್ಚು ಬಿದ್ದೀತು ಎಂದು ಅಂದಾಜಿಸಲು ವಿಮಾಗಣಕರ ಲೆಕ್ಕಾಚಾರ ಬಳಸುತ್ತಾರೆ. ಖುಷಿಯ ಕೊಡುಗೆಗೆ ಯಾರೂ ಹೀಗೆ ಹಣ ಕಾದಿರಿಸುವುದಿಲ್ಲ. ಕೊಡಬೇಕಾದ ಬಾಕಿಗೆ ಕಾದಿರಿಸುತ್ತಾರೆ. ಷೇರುದಾರರ ಮುಂದೆ ಬಾಕಿ ಎಂದು ತೋರಿಸಿದ್ದನ್ನು ಗ್ರಾಹಕನ ಮುಂದೆ ಮಾತ್ರ ಕೊಡುಗೆ ಎಂದು ಕರೆಯುವುದು ಹೇಗೆ ಸರಿ? ಪಾಯಿಂಟಿನ ಬೆಲೆ ಅರ್ಧಕ್ಕೆ ಇಳಿದ ದಿನ ಬ್ಯಾಂಕಿನ ಬಾಕಿಯೂ ಕುಗ್ಗುತ್ತದೆ. ಗ್ರಾಹಕನ ಕೈಯಿಂದ ಹೋದದ್ದು ಗಾಳಿಗೆ ಹೋಗುವುದಿಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಉಳಿತಾಯವಾಗಿ ಬಂದು ಕೂರುತ್ತದೆ. ಸಾಲದ್ದಕ್ಕೆ, ಹಲವು ಕಾರ್ಡುಗಳಲ್ಲಿ ಪಾಯಿಂಟು ಬಳಸುವಾಗ 99 ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಬೇಕು. ಶುಲ್ಕ ತೆತ್ತು ಪಡೆದುಕೊಳ್ಳಬೇಕಾದದ್ದನ್ನು ಪುಕ್ಕಟೆ ಎನ್ನಲಾಗದು.

ನಮ್ಮ ಊರುಗಳಲ್ಲಿ ಚಿನ್ನದಂಗಡಿಯವರು ನಡೆಸುವ ಸ್ಕೀಮು ಎಲ್ಲರಿಗೂ ಗೊತ್ತು. ಹನ್ನೊಂದು ಕಂತು ನೀವು ಕಟ್ಟಿದರೆ ಹನ್ನೆರಡನೆಯದನ್ನು ಅಂಗಡಿಯವರು ಸೇರಿಸುತ್ತಾರೆ. ಹತ್ತು ಕಂತು ಕಟ್ಟಿಸಿಕೊಂಡ ಮೇಲೆ ಇನ್ನು ಅರ್ಧ ಕಂತು ಮಾತ್ರ ಸೇರಿಸುತ್ತೇವೆ ಎಂದು ಅಂಗಡಿಯವರು ಹೇಳಿದರೆ ಊರು ಸುಮ್ಮನಿರುವುದಿಲ್ಲ. ಸ್ಕೀಮಿಗೆ ಹೊಸದಾಗಿ ಸೇರುವವರಿಗೆ ಆ ಮಾತು ಹೇಳಿದರೆ ಯಾರೂ ಚಕಾರ ಎತ್ತುವುದಿಲ್ಲ. ಎರಡರ ಅಂತರ ಊರಿನ ಸಾಮಾನ್ಯ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾರ್ಡಿನ ವಿಷಯದಲ್ಲಿ ಮಾತ್ರ ಅದು ಮಸುಕಾಗಲು ಕಾರಣ ಅರ್ಜಿಯ ಜೊತೆಗೆ ಬರುವ ಹತ್ತಾರು ಪುಟಗಳ ನಿಯಮಾವಳಿ. ಯಾವಾಗ ಬೇಕಾದರೂ ಬದಲಿಸುವ ಹಕ್ಕು ಬ್ಯಾಂಕಿನದು ಎಂದು ಅಲ್ಲಿ ಬರೆದಿರುತ್ತದೆ, ಗ್ರಾಹಕ ಒಪ್ಪಿಗೆ ಎಂದು ಒತ್ತಿರುತ್ತಾನೆ. ಕಾನೂನಿನ ಕಣ್ಣಿಗೆ ಅಷ್ಟು ಸಾಕೇನೋ. ಆದರೆ ಕಾರ್ಡು ಮಾರಿದ್ದು ಆ ಸಾಲನ್ನು ತೋರಿಸಿ ಅಲ್ಲ. ಮಾಲ್‌ನಲ್ಲಿ ಮೇಜು ಹಾಕಿಕೊಂಡು ನಿಂತ ಹುಡುಗ, ಫೋನ್ ಮಾಡಿದ ಹುಡುಗಿ, ಜಾಹೀರಾತಿನ ದಪ್ಪ ಅಕ್ಷರ, ಎಲ್ಲರೂ ಹೇಳಿದ್ದು ಇಷ್ಟು ಖರ್ಚಿಗೆ ಇಷ್ಟು ಸಿಗುತ್ತದೆ ಎಂದು. ದಪ್ಪ ಅಕ್ಷರದಲ್ಲಿ ಕೊಟ್ಟ ಮಾತನ್ನು ಸಣ್ಣ ಅಕ್ಷರದಲ್ಲಿ ವಾಪಸ್ ತೆಗೆದುಕೊಳ್ಳುವ ಹಕ್ಕು, ಹಿಂದೆ ಗಳಿಸಿದ್ದರ ಮೇಲೂ ನಡೆಯಬೇಕೆ ಎನ್ನುವುದಷ್ಟೇ ನನ್ನ ಪ್ರಶ್ನೆ.

ಬೇಡವಾದರೆ ಕಾರ್ಡು ಬಿಡಬಹುದಲ್ಲ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಈ ದಾರಿಯನ್ನು ತೆರೆದಿಟ್ಟಿವೆ, ಅದು ಒಳ್ಳೆಯದೇ. ನಿಯಮ ಬದಲಿಸುವ ಮೊದಲು 30 ದಿನ ಮುಂಚೆ ತಿಳಿಸಬೇಕು, ಇಷ್ಟವಿಲ್ಲದ ಗ್ರಾಹಕ ಅಷ್ಟರಲ್ಲಿ ಹೊರಬರಬಹುದು. ಕಾರ್ಡು ಮುಚ್ಚಲು ಕೇಳಿಕೊಂಡರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ. ಆದರೆ ಈ ಬಾಗಿಲಲ್ಲಿ ಹೊರಟವರು ಕೈ ಬೀಸಿಕೊಂಡೇ ಹೋಗಬೇಕು. ಕಾರ್ಡು ಮುಚ್ಚಿದರೆ ಬಳಸದ ಪಾಯಿಂಟುಗಳೂ ಸಾಮಾನ್ಯವಾಗಿ ಅದರ ಜೊತೆಗೇ ಮುಗಿದವು. ಎರಡು ತಿಂಗಳ ಹಿಂದೆ ಕಟ್ಟಿದ ವಾರ್ಷಿಕ ಶುಲ್ಕದಲ್ಲಿ ಮಿಕ್ಕ ಹತ್ತು ತಿಂಗಳ ಪಾಲನ್ನು ಹಿಂದಿರುಗಿಸುವ ವಾಡಿಕೆಯೂ ಸಾಮಾನ್ಯವಾಗಿ ಇಲ್ಲ. ಕಾರ್ಡು ಬಿಡುವ ಸ್ವಾತಂತ್ರ್ಯ ಪಾಯಿಂಟು ಕೂಡಿಡದವನಿಗೆ ಮಾತ್ರ ನಿಜವಾದ ಸ್ವಾತಂತ್ರ್ಯ. ಬ್ಯಾಂಕಿನ ಮಾತು ನಂಬಿ ವರ್ಷಗಟ್ಟಲೆ ಉಳಿದವನಿಗೇ ಬಿಡುವುದು ದುಬಾರಿ.

ಎಲ್ಲ ಕಡಿತಗಳೂ ಒಂದೇ ಜಾತಿಯವಲ್ಲ. ಲೌಂಜಿನದನ್ನೇ ತೆಗೆದುಕೊಳ್ಳಿ. ಐಸಿಐಸಿಐ ಬ್ಯಾಂಕು 2024ರ ಏಪ್ರಿಲ್‌ನಲ್ಲಿ, ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚು ಮಾಡಿದ್ದರೆ ಮಾತ್ರ ಲೌಂಜಿಗೆ ಪ್ರವೇಶ ಎಂದು ಹಲವು ಕಾರ್ಡುಗಳಿಗೆ ನಿಯಮ ತಂದಿತು. ಅದೇ ವರ್ಷದ ನವೆಂಬರ್ 15ರಿಂದ ಆ ಮೊತ್ತವನ್ನು 75,000ಕ್ಕೆ ಏರಿಸಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿರಲಿ, ಬೇರೆಲ್ಲೇ ಇರಲಿ, ಲೌಂಜಿನ ಕೌಂಟರಿನಲ್ಲಿ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ ಎರಡು ರೂಪಾಯಿ ಕಡಿತವಾಗಿ ಚೀಟಿ ಹೊರಬರುವುದು ಬಹಳ ಕಾರ್ಡುಗಳ ವಾಡಿಕೆ. ಖರ್ಚಿನ ಗಡಿ ಮುಟ್ಟದವರಿಗೆ ಯಂತ್ರ ಅಲ್ಲಿಯೇ ಇಲ್ಲವೆನ್ನುತ್ತದೆ. ಹಿಂದೆ ಸಾಲು, ಪಕ್ಕದಲ್ಲಿ ವಯಸ್ಸಾದ ತಂದೆತಾಯಿ, ಆ ಹೊತ್ತಿನ ಮುಜುಗರ ಸಣ್ಣದಲ್ಲ. ಆದರೂ ಈ ಕಡಿತವನ್ನು ನಾನು ಒಪ್ಪುತ್ತೇನೆ. ಲೌಂಜಿನಲ್ಲಿ ಇರುವ ಕುರ್ಚಿ ಇಷ್ಟೇ. ಕಾರ್ಡಿದ್ದವರಿಗೆಲ್ಲ ಬಾಗಿಲು ತೆರೆದು, ಊಟದ ತಟ್ಟೆ ಹಿಡಿದು ನಿಂತೇ ತಿನ್ನುವ ಸ್ಥಿತಿ ಬಂದ ಮೇಲೆ ಯಾವುದಾದರೂ ಮಿತಿ ಬೇಕಾಗಿತ್ತು. ಅಲ್ಲಿ ಯಾರೂ ಲೌಂಜಿನ ಭೇಟಿಗಳನ್ನು ಕೂಡಿಟ್ಟಿರಲಿಲ್ಲ. ಮುಂದಿನ ಪ್ರಯಾಣಕ್ಕೆ ಮುಂದಿನ ನಿಯಮ. ತಪ್ಪೇನಾದರೂ ಇದ್ದರೆ, ವರ್ಷಕ್ಕೆಂದು ಶುಲ್ಕ ಕಟ್ಟಿಸಿಕೊಂಡ ಕಾರ್ಡಿಗೆ ಆ ವರ್ಷ ಮುಗಿಯುವ ಮೊದಲೇ ಹೊಸ ಷರತ್ತು ಅಂಟಿಸುವುದರಲ್ಲಿದೆ.

ವಿಮೆಯ ಸಂಗತಿ ಇದಕ್ಕಿಂತ ಗಂಭೀರ. ಎಸ್‌ಬಿಐ ಕಾರ್ಡ್ ಕಂಪನಿಯ ಎಲೀಟ್ ಕಾರ್ಡಿಗೆ ಒಂದು ಕೋಟಿ ರೂಪಾಯಿಯ, ಪ್ರೈಮ್ ಕಾರ್ಡಿಗೆ 50 ಲಕ್ಷದ ವಿಮಾನ ಅಪಘಾತ ವಿಮೆ ಇತ್ತು. 2025ರ ಜುಲೈ 15ರಿಂದ ಎರಡೂ ನಿಂತವು. ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದದ್ದು ಅದೇ ವರ್ಷದ ಜೂನ್ 12ರಂದು. ಎರಡಕ್ಕೂ ಸಂಬಂಧ ಕಲ್ಪಿಸುವುದು ಸರಿಯಲ್ಲ, ಆದರೆ ಆ ಸಮಯದಲ್ಲಿ ಈ ಸುದ್ದಿ ಓದಿದವರ ಮನಸ್ಸು ಕಹಿಯಾದದ್ದು ಸಹಜ. ವಿಮೆ ಎನ್ನುವುದು ಕಾಫಿ, ಸಿನಿಮಾ ಟಿಕೆಟ್ಟಿನಂಥ ಸವಲತ್ತಲ್ಲ. ಮನುಷ್ಯ ಅದನ್ನು ನೆಚ್ಚಿಕೊಂಡು ಬೇರೆ ವಿಮೆ ಮಾಡಿಸದೆ ಇದ್ದಿರಬಹುದು. ಇಂಥದ್ದನ್ನು ನಿಲ್ಲಿಸುವಾಗ ಮಾಮೂಲಿ ಮೇಲ್ ಸಾಕಾಗುವುದಿಲ್ಲ. ಗ್ರಾಹಕನಿಗೆ ತಿಳಿಯಿತು ಎಂದು ಖಚಿತವಾಗಬೇಕು.

ಈಗ ನನಗೆ ಅತಿ ಬಲವಾಗಿ ಕಾಣುವ ಆಕ್ಷೇಪಕ್ಕೆ ಬರುತ್ತೇನೆ. ಈ ಪಾಯಿಂಟುಗಳ ದುಡ್ಡು ಎಲ್ಲಿಂದ ಬರುತ್ತದೆ? ಅಂಗಡಿಯವರು ಕಾರ್ಡಿನ ಪ್ರತಿ ವ್ಯವಹಾರಕ್ಕೂ ಕೊಡುವ ಎಂಡಿಆರ್ ಶುಲ್ಕದಿಂದ ಮತ್ತು ಬಿಲ್ಲು ಪೂರ್ತಿ ಕಟ್ಟಲಾಗದೆ ಬಾಕಿ ಉಳಿಸಿಕೊಂಡವರ ಬಡ್ಡಿಯಿಂದ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನಲ್ಲಿ 2020ರ ಜನವರಿಯಿಂದ ಎಂಡಿಆರ್ ಸೊನ್ನೆ. ಇತರ ಡೆಬಿಟ್ ಕಾರ್ಡುಗಳಿಗೂ ರಿಸರ್ವ್ ಬ್ಯಾಂಕು ಮಿತಿ ಹಾಕಿದೆ. ಕ್ರೆಡಿಟ್ ಕಾರ್ಡಿಗೆ ಮಿತಿ ಇಲ್ಲ, ನೂರಕ್ಕೆ ಸುಮಾರು ಎರಡು ರೂಪಾಯಿ ಹೋಗುತ್ತದೆ. ಕೆಲವು ಅಂಗಡಿಯವರು ಕಾರ್ಡಾದರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಎಂದು ಬಾಯಿಬಿಟ್ಟು ಕೇಳುತ್ತಾರೆ. ಉಳಿದವರು ಅದನ್ನು ಸಾಮಾನಿನ ಬೆಲೆಗೇ ಸೇರಿಸುತ್ತಾರೆ, ಆಗ ನಗದು ಕೊಟ್ಟವರೂ ಅದನ್ನು ಹೊರುತ್ತಾರೆ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ನಗದು ಬಳಸುವ ಒಂದು ಕುಟುಂಬದಿಂದ ವರ್ಷಕ್ಕೆ ಸರಾಸರಿ 149 ಡಾಲರ್ ಕಾರ್ಡು ಬಳಸುವವರ ಕಡೆಗೆ ಹರಿಯುತ್ತಿತ್ತು. ಕಾರ್ಡು ಬಳಸುವ ಒಂದು ಕುಟುಂಬಕ್ಕೆ ಸಿಗುತ್ತಿದ್ದದ್ದು 1,133 ಡಾಲರ್. ಬಡವರಿಂದ ಉಳ್ಳವರಿಗೆ. ಇನ್ನು ಬಡ್ಡಿ ನಮ್ಮಲ್ಲಿ ಬಹಳ ಕಾರ್ಡುಗಳಿಗೆ ತಿಂಗಳಿಗೆ ಶೇ. 3.5ರಿಂದ 3.75, ಅದರ ಮೇಲೆ ಜಿಎಸ್‌ಟಿ. ವರ್ಷದ ಲೆಕ್ಕದಲ್ಲಿ ಶೇ. 40ನ್ನು ಮೀರುತ್ತದೆ. ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತ ವರ್ಷಗಟ್ಟಲೆ ಸಾಲದಲ್ಲಿ ಸಿಲುಕಿದವರ ಬೆವರು ಬಿಸಿನೆಸ್ ಕ್ಲಾಸ್ ಟಿಕೆಟ್ಟಿನಲ್ಲಿ ಬೆರೆತಿದೆ ಎನ್ನುವ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಈ ಆಕ್ಷೇಪ ಸವಲತ್ತು ಕಡಿತವನ್ನು ಸಮರ್ಥಿಸಬೇಕಾದರೆ, ಕಡಿತದ ಲಾಭ ಆ ಸಾಲಗಾರನಿಗೋ ಆ ಅಂಗಡಿಯವನಿಗೋ ತಲುಪಬೇಕಿತ್ತು. ಪಾಯಿಂಟು ಇಳಿಸಿದ ಪ್ರಕಟಣೆಯ ಜೊತೆಗೆ ಬಡ್ಡಿ ಇಳಿಸಿದ ಪ್ರಕಟಣೆ ಬಂದದ್ದನ್ನು ನಾನು ಕಂಡಿಲ್ಲ. 2024ರ ಡಿಸೆಂಬರಿನಲ್ಲಿ, ಕಾರ್ಡಿನ ಬಾಕಿಗೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲವೆಂದಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ಮೊಕದ್ದಮೆಯಲ್ಲಿ ಮಿತಿ ಬೇಡವೆಂದು ವಾದಿಸಿದವರು ಬ್ಯಾಂಕುಗಳೇ. ಎಂಡಿಆರ್ ಅನ್ನೇ ತಗ್ಗಿಸಿ ಸವಲತ್ತು ಕಡಿಮೆ ಮಾಡುವುದು ಬೇರೆ ಹಾದಿ. ಆಸ್ಟ್ರೇಲಿಯಾದಲ್ಲಿ 2003ರಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕು, ಎಂಡಿಆರ್‌ನೊಳಗೇ ಸೇರಿರುವ ಬ್ಯಾಂಕುಗಳ ನಡುವಿನ ಶುಲ್ಕವನ್ನು ಇಳಿಸಿತು, ಪಾಯಿಂಟುಗಳೂ ಬಡವಾದವು. ಯುರೋಪಿನ ಒಕ್ಕೂಟ 2015ರಲ್ಲಿ ಕ್ರೆಡಿಟ್ ಕಾರ್ಡಿನ ಆ ಶುಲ್ಕಕ್ಕೆ ಶೇ. 0.3ರ ಮಿತಿ ಹಾಕಿತು. ಅಂಥ ಕಡಿತ ನಮ್ಮಲ್ಲಿ ಬಂದರೆ ಪಾಯಿಂಟುಗಳು ಪೂರ್ತಿ ಹೋದರೂ ನಾನು ಅದರ ಪರವಾಗಿಯೇ ನಿಲ್ಲುತ್ತೇನೆ. ಈಗ ಆಗುತ್ತಿರುವುದು ಅದಲ್ಲ. ಒಂದು ಕಡೆಯಿಂದ ಬರುವುದು ಬರುತ್ತಲೇ ಇದೆ, ಇನ್ನೊಂದು ಕಡೆ ಕೊಡುವುದು ಮಾತ್ರ ನಿಂತಿದೆ.

ಬ್ಯಾಂಕುಗಳ ಕಷ್ಟವೂ ನಿಜವೇ. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕು ಕಾರ್ಡಿನ ಬಾಕಿಗಳ ಅಪಾಯ ತೂಕವನ್ನು ಬ್ಯಾಂಕುಗಳಿಗೆ ಶೇ. 125ರಿಂದ 150ಕ್ಕೆ ಏರಿಸಿತು, ಅಂದರೆ ಅದೇ ಸಾಲಕ್ಕೆ ಹೆಚ್ಚು ಬಂಡವಾಳ ಕಟ್ಟಿಹಾಕಬೇಕಾಯಿತು. ಗ್ರಾಹಕರಲ್ಲೂ ಕೆಲವರು ನಿಯಮದ ಸಂದುಗಳಲ್ಲಿ ನುಸುಳಿದರು. ಮನೆಯವರ ಖಾತೆಗೇ ಬಾಡಿಗೆ ಎಂದು ಕಳಿಸಿ, ವಾಲೆಟ್ಟಿಗೆ ದುಡ್ಡು ತುಂಬಿ ತೆಗೆದು, ಖರ್ಚೇ ಇಲ್ಲದ ಖರ್ಚಿಗೆ ಪಾಯಿಂಟು ಗಿಟ್ಟಿಸಿದರು. ಬ್ಯಾಂಕುಗಳು ಬಾಡಿಗೆಗೆ ಶೇ. 1ರ ಶುಲ್ಕ ಹಾಕಿದ್ದು, ಪಾಯಿಂಟು ನಿಲ್ಲಿಸಿದ್ದು ಇದರಿಂದಾಗಿಯೇ, ಅದನ್ನು ತಪ್ಪೆನ್ನಲಾರೆ. ಕಳ್ಳ ಖರ್ಚಿನ ಪಾಯಿಂಟು ವಾಪಸ್ ಪಡೆದರೂ ನನ್ನ ಆಕ್ಷೇಪವಿಲ್ಲ. ಆದರೆ ಮ್ಯಾಗ್ನಸ್‌ನಂಥ ಕಡಿತ ಕಳ್ಳ ಯಾರು, ಪ್ರಾಮಾಣಿಕ ಯಾರು ಎಂದು ನೋಡಲಿಲ್ಲ. ಮಗಳ ಕಾಲೇಜು ಫೀಸು, ಆಸ್ಪತ್ರೆಯ ಬಿಲ್ಲು, ಮನೆಗೆ ಕೊಂಡ ಫ್ರಿಜ್ಜು, ಎಲ್ಲದರ ಪಾಯಿಂಟಿಗೂ ಒಂದೇ ಅಳತೆ.

ಹಳೆಯ ಪಾಯಿಂಟಿಗೆ ಹಳೆಯ ಬೆಲೆಯನ್ನೇ ಕೊಡಬೇಕೆಂದು ಕಟ್ಟುಪಾಡು ಮಾಡಿದರೆ ಬ್ಯಾಂಕುಗಳು ಮೊದಲೇ ಕಡಿಮೆ ಕೊಡುತ್ತವೆ ಎಂದು ಹೆದರಿಸುವವರಿದ್ದಾರೆ. ಹೌದು, ಕೊಡುತ್ತವೆ. ಅದರಿಂದ ನಷ್ಟವೇನು? ಈಗಿನ ಪದ್ಧತಿಯಲ್ಲಿ ಯಾರು ದೊಡ್ಡ ಮಾತು ಕೊಟ್ಟು ಬೇಗ ಹಿಂದೆ ಸರಿಯುತ್ತಾರೋ ಅವರಿಗೆ ಗ್ರಾಹಕರು ಹೆಚ್ಚು ಸಿಗುತ್ತಾರೆ. ನಡೆಸಿಕೊಡಲಾಗುವಷ್ಟೇ ಮಾತು ಕೊಟ್ಟ ಬ್ಯಾಂಕು ಹಿಂದೆ ಬೀಳುತ್ತದೆ. ಕೊಟ್ಟ ಮಾತಿನ ಖರ್ಚು ಪೂರ್ತಿ ತನ್ನ ಮೇಲೇ ಬೀಳುತ್ತದೆಂದು ತಿಳಿದ ಬ್ಯಾಂಕು ಕಾರ್ಡು ರೂಪಿಸುವ ದಿನವೇ ಲೆಕ್ಕ ಸರಿಯಾಗಿ ಹಾಕುತ್ತದೆ.

ಈ ಕಟ್ಟುಪಾಡು ಎಲ್ಲಿಂದ ಬರಬೇಕು? ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ, ಗ್ರಾಹಕರು ಆಗಲೇ ಗಳಿಸಿದ ರಿವಾರ್ಡುಗಳ ಬೆಲೆ ಇಳಿಸುವುದು ಕಾನೂನುಬಾಹಿರ ನಡೆ ಆಗಬಹುದು ಎಂದು ಎಚ್ಚರಿಸಿತ್ತು. ಸರ್ಕಾರ ಬದಲಾದ ಮೇಲೆ ಆ ಸಂಸ್ಥೆಯ ಬಲವೇ ಕುಗ್ಗಿತು, ಆದರೂ ಅದು ಹಿಡಿದ ಎಳೆ ಸರಿಯಾದದ್ದು. ನಮ್ಮಲ್ಲಿ ಗ್ರಾಹಕ ದೂರು ಕೊಡಲು ಹೊರಟರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಯೋಜನೆ ಬ್ಯಾಂಕಿನ ವಾಣಿಜ್ಯ ತೀರ್ಮಾನಗಳ ಮೇಲಿನ ದೂರನ್ನು ತೆಗೆದುಕೊಳ್ಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರನ್ನು ಪ್ರಶ್ನಿಸಲು ಅವಕಾಶವಿದೆ, ಆದರೆ ಅಂಥ ದೂರಿಗೆ ಜಿಲ್ಲಾ ಆಯೋಗ ಸಾಲದು, ರಾಜ್ಯ ಆಯೋಗಕ್ಕೇ ಹೋಗಬೇಕು. ಕೆಲವು ಸಾವಿರ ರೂಪಾಯಿ ಬೆಲೆಯ ಪಾಯಿಂಟಿಗಾಗಿ ವಕೀಲರನ್ನು ಹಿಡಿದು ಅಲ್ಲಿಯವರೆಗೆ ಹೋಗುವವರು ಯಾರು? ಆದ್ದರಿಂದ ಇದು ಒಬ್ಬೊಬ್ಬರ ಹೋರಾಟದಿಂದ ಆಗುವ ಕೆಲಸವಲ್ಲ. 30 ದಿನದ ನೋಟಿಸು ಕಡ್ಡಾಯ ಮಾಡಿದ ರಿಸರ್ವ್ ಬ್ಯಾಂಕೇ ಇನ್ನೂ ಎರಡು ಸಾಲು ಸೇರಿಸಬೇಕು. ಬದಲಾವಣೆಯ ದಿನಕ್ಕಿಂತ ಮೊದಲು ಜಮಾ ಆದ ಪಾಯಿಂಟುಗಳನ್ನು ಕನಿಷ್ಠ ಒಂದು ವರ್ಷ ಹಳೆಯ ಬೆಲೆಗೇ ಬಳಸಲು ಬಿಡಬೇಕು. ಬದಲಾವಣೆ ಒಪ್ಪದೆ ಕಾರ್ಡು ಮುಚ್ಚಿದವರಿಗೆ ಆ ಪಾಯಿಂಟಿನ ಬೆಲೆಯನ್ನೂ ಶುಲ್ಕದಲ್ಲಿ ಮಿಕ್ಕ ತಿಂಗಳುಗಳ ಪಾಲನ್ನೂ ಬ್ಯಾಂಕು ಹಿಂದಿರುಗಿಸಬೇಕು. ಪಾಯಿಂಟುಗಳಿಗೆ ಬೇಕಾದ ಹಣವನ್ನು ಬ್ಯಾಂಕುಗಳು ತಮ್ಮ ಲೆಕ್ಕಪತ್ರದಲ್ಲಿ ಆಗಲೇ ತೆಗೆದಿಟ್ಟಿವೆ.